ಆಪ್‌ಗೆ ಜನ ಎಷ್ಟು ಕೊಡ್ತಾರೆ? ರೇಟ್ ಇಡೋ ಮುಂಚೆ ಮಾಡಬೇಕಾದ ಕೆಲಸ

ಹೊಸದಾಗಿ ಆಪ್ ಮಾಡಿದವರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಾರೆ: "ಇದಕ್ಕೆ ನೀವು ಎಷ್ಟು ಕೊಡ್ತೀರಿ?" ದಯವಿಟ್ಟು ಇದನ್ನು ಕೇಳಬೇಡಿ. ನಮ್ಮ ಕಡೆ ಜನ ಎದುರಿಗೆ ಕೂತವರ ಮನಸ್ಸು ನೋಯಿಸುವುದಿಲ್ಲ. "ಚಲೋ ಐತ್ರಿ, ಐದುನೂರು ಕೊಡಬಹುದು ಬಿಡ್ರಿ" ಅಂತಾರೆ. ಚಹಾ ಕುಡಿಸಿ ಕಳಿಸುತ್ತಾರೆ. ಆ ಐದುನೂರು ಪ್ರೀತಿಯಿಂದ ಬಂದ ಮಾತು, ರೇಟ್ ಅಲ್ಲ.

ನಾನು ವಿಜಯಪುರದಲ್ಲಿ ಇದ್ದುಕೊಂಡು ದ್ರಾಕ್ಷಿ ಬೆಳೆಗಾರರಿಗೆ ಒಂದು ಆಪ್ ನಡೆಸುತ್ತೇನೆ. ಔಷಧಿ ಹೊಡೆದ ಲೆಕ್ಕ, ಆಳಿನ ಲೆಕ್ಕ, ಒಣದ್ರಾಕ್ಷಿ ಶೆಡ್ಡಿನ ಲೆಕ್ಕ ಇಷ್ಟೇ ಅದರ ಕೆಲಸ. ನಮ್ಮ ಮನೆಯ ತೋಟ ತಿಕೋಟಾ ಕಡೆ ಇದೆ, ಹಾಗಾಗಿ ಈ ಜನ ನನಗೆ ಹೊಸಬರಲ್ಲ. ಆದರೂ ರೇಟ್ ಗೊತ್ತುಮಾಡಿಕೊಳ್ಳುವುದು ಕೋಡ್ ಬರೆಯುವುದಕ್ಕಿಂತ ಕಷ್ಟದ ಕೆಲಸ. ನಮ್ಮ ಜಿಲ್ಲೆಗಳಲ್ಲಿ ಸಣ್ಣ ಆಪ್ ಮಾಡುವ ಹುಡುಗರು, ಹುಡುಗಿಯರು ಜಾಸ್ತಿ ಆಗುತ್ತಿದ್ದಾರೆ. ಒಳ್ಳೆ ಕೆಲಸ ಮಾಡಿ ಸುಮ್ನೆ ಪುಕ್ಕಟೆ ಕೊಟ್ಟು, ಒಂದು ವರ್ಷಕ್ಕೆ ಬಾಗಿಲು ಹಾಕುತ್ತಾರೆ. ಅದು ನನಗೆ ನಿಜವಾಗಿ ಬೇಜಾರಿನ ವಿಷಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದದ್ದು, ಇದೇ ಕೆಲಸಕ್ಕೆ ಅವರು ಈಗ ಏನು ಬಳಸುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ ಅನ್ನುವುದು. ನನ್ನ ಆಪ್‌ನ ಎದುರಾಳಿ ಇನ್ನೊಂದು ಆಪ್ ಅಲ್ಲ. ಔಷಧಿ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಡುವ ಪಾಕೆಟ್ ಡೈರಿ. ತಿಕೋಟಾದ ಒಬ್ಬ ಬೆಳೆಗಾರರ ಡೈರಿ ನೋಡಿದ್ದೇನೆ. ಅಂಗಿ ಜೇಬಿನಲ್ಲಿ ಬೆವರಿಗೆ ನೆನೆದು ಮೂಲೆಗಳು ಉಬ್ಬಿದ್ದವು. ಒಂದು ಪುಟದಲ್ಲಿ ತಾರೀಖು, ಅದರ ಮುಂದೆ "ಎಂ-45" ಅಂತ ಔಷಧಿಯ ಹೆಸರು, ಎಷ್ಟು ಲೀಟರ್ ನೀರು, ಟ್ರ್ಯಾಕ್ಟರ್ ಡ್ರೈವರಿಗೆ ಕೊಟ್ಟ ದುಡ್ಡು. ಕೆಳಗೆ ಮಗಳ ಕಾಲೇಜು ಫೀಸು. ಎರಡು ಪುಟ ಮುಂದೆ ಹೋದರೆ ಮಳೆ ಬಂದ ದಿನಕ್ಕೆ ಒಂದು ಗೀಟು. ಅವರಿಗೆ ಆ ಡೈರಿ ಸಾಕಾಗಿತ್ತು. ಎಲ್ಲಿ ಸಾಕಾಗುತ್ತಿರಲಿಲ್ಲ ಅಂದರೆ, ಕಟಾವು ಹತ್ತಿರ ಬಂದಾಗ. ಕೊನೆಯ ಔಷಧಿ ಹೊಡೆದು ಎಷ್ಟು ದಿನ ಆಯಿತು, ಲೇಬಲ್ ಮೇಲೆ ಹೇಳಿದಷ್ಟು ದಿನ ಬಿಟ್ಟಿದ್ದೇವಾ ಅಂತ ವ್ಯಾಪಾರಿ ಕೇಳಿದಾಗ ಪುಟ ತಿರುವಿ ತಿರುವಿ ಸಾಕಾಗುತ್ತಿತ್ತು. ಲೆಕ್ಕ ಬರೆಯುವುದಕ್ಕೆ ಅವರು ದುಡ್ಡು ಕೊಡುವುದಿಲ್ಲ. ಆ ಪ್ರಶ್ನೆಗೆ ತಕ್ಷಣ ಉತ್ತರ ಸಿಗುವುದಕ್ಕೆ ಕೊಡುತ್ತಾರೆ. ನಿಮ್ಮ ಆಪ್‌ನಲ್ಲಿ ಅಂಥ ಜಾಗ ಯಾವುದು ಅಂತ ಹುಡುಕಿ. ಅದು ಸಿಗುವ ತನಕ ರೇಟಿನ ಮಾತು ಬೇಡ.

ಇದೇ ತೋಟದವರು ತಜ್ಞ ಸಲಹೆಗಾರರಿಗೆ ಎಕರೆ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಒಂದು ಸಲ ಔಷಧಿ ಹೊಡೆಯಲು ಔಷಧಿ, ಡೀಸೆಲ್, ಆಳು ಸೇರಿ ಸಾವಿರಗಟ್ಟಲೆ ಹೋಗುತ್ತದೆ. ಹಾಗಾಗಿ "ರೈತರು ಆಪ್‌ಗೆ ದುಡ್ಡು ಕೊಡಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆಪ್ ಅಂತ ಕೊಡುವುದಿಲ್ಲ, ನಿಜ. ಒಂದು ಸುತ್ತು ಔಷಧಿ ಉಳಿದರೆ ಕೊಡುತ್ತಾರೆ.

ಮಾತಾಡುವಾಗ ಮುಂದಿನದನ್ನು ಕೇಳದೆ ಹಿಂದಿನದನ್ನು ಕೇಳಿ. "ಹೋದ ಹಂಗಾಮಿನ್ಯಾಗ ಲೆಕ್ಕ ತಪ್ಪಿ ಎಷ್ಟು ಲುಕ್ಸಾನ ಆತು?" "ಫೋನಿನ್ಯಾಗ ಈಗ ಯಾವುದಕ್ಕರ ದುಡ್ಡು ಕಟ್ಟೀರಿ?" ಎರಡನೆಯ ಪ್ರಶ್ನೆ ಬಹಳ ಮುಖ್ಯ. ರೀಚಾರ್ಜ್ ಬಿಟ್ಟು ಫೋನಿನಲ್ಲಿ ಯಾವತ್ತೂ ದುಡ್ಡು ಕಟ್ಟದವರಿಗೆ 99 ರೂಪಾಯಿಯೂ ದೊಡ್ಡ ಹೆಜ್ಜೆ. ಮಗನಿಗೆ ಪರೀಕ್ಷೆಯ ಆಪ್‌ಗೆ ಈಗಾಗಲೇ ದುಡ್ಡು ಕಟ್ಟಿದವರಿಗೆ 500 ಹೊಸದಲ್ಲ.

ಇಷ್ಟಾದ ಮೇಲೆ ರೇಟಿನ ಪ್ರಶ್ನೆಗೆ ಬನ್ನಿ. ಅದಕ್ಕೊಂದು ಹಳೆಯ, ಗಟ್ಟಿ ವಿಧಾನ ಇದೆ. ಡಚ್ ಅರ್ಥಶಾಸ್ತ್ರಜ್ಞ ಪೀಟರ್ ವಾನ್ ವೆಸ್ಟೆಂಡಾರ್ಪ್ 1976ರಲ್ಲಿ ಕೊಟ್ಟದ್ದು. ಒಂದು ಪ್ರಶ್ನೆಯ ಬದಲು ನಾಲ್ಕು. ನಾನು ಅವನ್ನು ನಮ್ಮ ಮಾತಿನಲ್ಲೇ ಕೇಳುತ್ತೇನೆ. "ವರ್ಷಕ್ಕ ಎಷ್ಟಂದ್ರ ಅಗ್ಗ ಆತು ಅನಸ್ತದ?" "ಎಷ್ಟಂದ್ರ ತುಟ್ಟಿ, ಆದ್ರೂ ವಿಚಾರ ಮಾಡೋಣ ಅಂತೀರಿ?" "ಎಷ್ಟಕ್ಕ ಹೋದ್ರ ಬ್ಯಾಡೇ ಬ್ಯಾಡ?" ಕೊನೆಯದು, ಎಲ್ಲರೂ ಬಿಟ್ಟುಬಿಡುವಂಥದ್ದು: "ಎಷ್ಟು ಕಮ್ಮಿ ಆದ್ರ ಇದರಾಗ ಏನೋ ಐತಿ ಅಂತ ಸಂಶಯ ಬರ್ತದ?"

ಈ ಕೊನೆಯ ಪ್ರಶ್ನೆಯಿಂದ ನನಗೆ ಸಿಕ್ಕಷ್ಟು ಬೇರೆ ಯಾವುದರಿಂದಲೂ ಸಿಕ್ಕಿಲ್ಲ. ಒಬ್ಬ ಹಿರಿಯರ ಉತ್ತರ ಹೀಗಿತ್ತು: 300 ಅಗ್ಗ, 800 ತುಟ್ಟಿ, 1,200 ಬೇಡ, 100 ಅಂದರೆ ಸಂಶಯ. ಏಕೆ ಸಂಶಯ ಅಂತ ಕೇಳಿದೆ. "ಇಷ್ಟು ಕಮ್ಮಿಗೆ ಕೊಡಾವ್ರು ನಮ್ಮ ನಂಬರ್ ಔಷಧಿ ಕಂಪನಿಗೆ ಮಾರ್ತಾರ" ಅಂದರು. ರೇಟ್ ಇಳಿಸಿದರೆ ಜನ ಜಾಸ್ತಿ ಬರುತ್ತಾರೆ ಅಂತ ನಾವು ಲೆಕ್ಕ ಹಾಕುತ್ತೇವೆ. ಇಲ್ಲಿ ರೇಟ್ ಇಳಿಸಿದರೆ ನಂಬಿಕೆಯೇ ಇಳಿಯುತ್ತದೆ.

ಉತ್ತರಗಳನ್ನು ಚೌಕುಳಿ ಹಾಳೆ ಮೇಲೆ ಬರೆಯಿರಿ, ಇಲ್ಲವೇ ಎಕ್ಸೆಲ್‌ನಲ್ಲಿ ಹಾಕಿ. ಅಡ್ಡಕ್ಕೆ ರೇಟ್, ಉದ್ದಕ್ಕೆ ಜನ. ಪ್ರತಿ ರೇಟಿನಲ್ಲೂ "ಇದು ಸಂಶಯ ಬರುವಷ್ಟು ಅಗ್ಗ" ಅನ್ನುವವರು ಎಷ್ಟು, "ಬೇಡವೇ ಬೇಡ" ಅನ್ನುವವರು ಎಷ್ಟು ಅಂತ ಎಣಿಸಿ ಎರಡು ಗೆರೆ ಎಳೆಯಿರಿ. ರೇಟ್ ಏರಿದಂತೆ ಮೊದಲನೆಯದು ಇಳಿಯುತ್ತದೆ, ಎರಡನೆಯದು ಏರುತ್ತದೆ. ಎರಡೂ ಕೂಡುವ ಜಾಗದ ಸುತ್ತ ನಿಮ್ಮ ರೇಟ್ ಇದೆ. ಸಣ್ಣ ತೋಟದವರನ್ನು, ದೊಡ್ಡ ತೋಟದವರನ್ನು ಒಂದೇ ಹಾಳೆಯಲ್ಲಿ ಸೇರಿಸಬೇಡಿ. ಎರಡು ಎಕರೆಯವರ ಗೆರೆ ಬೇರೆ, ಹದಿನೈದು ಎಕರೆಯವರ ಗೆರೆ ಬೇರೆ. ಸೇರಿಸಿದರೆ ಸಿಗುವ ರೇಟ್ ಇಬ್ಬರಿಗೂ ಸರಿ ಹೊಂದುವುದಿಲ್ಲ.

ಆದರೂ ಇದು ಇನ್ನೂ ಬಾಯಿ ಮಾತೇ. ಹಾಳೆ ಮೇಲಿನ ರೇಟ್ ನಿಜವಾ ಅಂತ ತಿಳಿಯಲು ದುಡ್ಡು ಕೇಳಲೇಬೇಕು. ಆಪ್ ಇನ್ನೂ ಸ್ಟೋರ್‌ಗೆ ಹೋಗುವ ಮುಂಚೆಯೇ, ಬೇಡ ಅಂದರೆ ವಾಪಸ್ ಕೊಡುವ ಮಾತು ಕೊಟ್ಟು, ರಸೀದಿ ಬರೆದು ಮುಂಗಡ ಕೇಳಿ. "ಹೂಂ" ಅಂದವರಲ್ಲಿ ಯಾರು ಅಲ್ಲೇ ಫೋನ್ ತೆಗೆದು ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ, ಯಾರು "ನಾಳಿಗೆ ನೋಡೋಣ" ಅನ್ನುತ್ತಾರೆ, ನೋಡಿ. ಮೊದಲ ಗುಂಪೇ ನಿಮ್ಮ ಗಿರಾಕಿ. ವಾಪಸ್ ಕೇಳಿದವರಿಗೆ ಅದೇ ದಿನ ಕೊಡಿ. ಒಬ್ಬರಿಗೆ ತಡ ಮಾಡಿದರೂ ಎಪಿಎಂಸಿಯಲ್ಲಿ ಆ ಮಾತು ನಿಮಗಿಂತ ಮುಂಚೆ ಮುಟ್ಟಿರುತ್ತದೆ.

ಬೇರೆ ಬೇರೆ ಜನರಿಗೆ ಬೇರೆ ಬೇರೆ ರೇಟ್ ಹೇಳಿ ಪರೀಕ್ಷೆ ಮಾಡಿ ಅಂತ ದೊಡ್ಡ ಊರಿನವರು ಸಲಹೆ ಕೊಡುತ್ತಾರೆ. ನಮ್ಮ ಕಡೆ ಇದನ್ನು ಮಾಡಬೇಡಿ. ಒಣದ್ರಾಕ್ಷಿ ಸವಾಲಿಗೆ (ಹರಾಜಿಗೆ) ಬಂದವರು ಪಕ್ಕಪಕ್ಕ ಕೂತು ಎಲ್ಲ ರೇಟೂ ಮಾತಾಡುತ್ತಾರೆ. ಒಬ್ಬರಿಗೆ 400, ಅವರ ಬೀಗರಿಗೆ 700 ಅಂದರೆ ಇಬ್ಬರೂ ಹೋದರು. ಅದರ ಬದಲು ಹೊಸದಾಗಿ ಸೇರುವವರಿಗೆ ಹಂಗಾಮಿಂದ ಹಂಗಾಮಿಗೆ ಸ್ವಲ್ಪ ಏರಿಸಿ. ಹಳಬರಿಗೆ ಹಳೇ ರೇಟೇ ಇರಲಿ. ಇದು ಎಲ್ಲರೆದುರು ಹೇಳಬಹುದಾದ ಪದ್ಧತಿ. ಏರಿಸಿದಾಗ ಸೇರುವವರು ಎಲ್ಲಿ ಕಡಿಮೆಯಾದರು ಅಂತಲೂ ಗೊತ್ತಾಗುತ್ತದೆ.

ಇನ್ನು, ಎಷ್ಟು ಅನ್ನುವುದಕ್ಕಿಂತ ಯಾವಾಗ ಕೇಳುತ್ತೀರಿ ಅನ್ನುವುದು ನನ್ನ ಅನುಭವದಲ್ಲಿ ದೊಡ್ಡದು. ದ್ರಾಕ್ಷಿಯವರಿಗೆ ತಿಂಗಳ ಸಂಬಳ ಇಲ್ಲ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರ್‌ನಲ್ಲಿ ಹಣ್ಣಿನ ಚಾಟ್ನಿ. ಅಲ್ಲಿಂದ ಕಟಾವಿನ ತನಕ ಬರೀ ಖರ್ಚು. ಫೆಬ್ರವರಿ, ಮಾರ್ಚ್‌ನಲ್ಲಿ ಕಟಾವು, ಶೆಡ್ಡಿನಲ್ಲಿ ಒಣಗಿಸುವುದು, ಆಮೇಲೆ ಮಾರಾಟ. ಕೈಯಲ್ಲಿ ದುಡ್ಡು ಆಡುವುದು ಆಗಲೇ. ಇಂಥವರಿಗೆ ತಿಂಗಳಿಗೆ 49 ಅಂದರೆ ಡಿಸೆಂಬರ್‌ನಲ್ಲಿ ಕಿರಿಕಿರಿ. ವರ್ಷಕ್ಕೆ 599 ಅಂತ ಮಾರಾಟದ ಹೊತ್ತಿಗೆ ಕೇಳಿದರೆ ಮಾತಿಲ್ಲದೆ ಕೊಡುತ್ತಾರೆ. ಹನ್ನೆರಡು ತಿಂಗಳ 49 ಕೂಡಿಸಿದರೆ 588, ಅಂದರೆ ವರ್ಷದ್ದೇ ಹನ್ನೊಂದು ರೂಪಾಯಿ ಜಾಸ್ತಿ. ಆದರೂ ಅದೇ ಹಗುರ ಅನ್ನಿಸುತ್ತದೆ. ಅಕ್ಟೋಬರ್‌ನಲ್ಲಿ ಸೇರಿದವರಿಗೂ ಮೊದಲ ಚಂದಾ ಮುಂದಿನ ಮಾರಾಟದ ತನಕ ಅಂತ ಲೆಕ್ಕ ಹಿಡಿದು ಕಮ್ಮಿ ತೆಗೆದುಕೊಳ್ಳಿ. ಆಮೇಲೆ ಎಲ್ಲರ ನವೀಕರಣವೂ ದುಡ್ಡಿರುವ ತಿಂಗಳಿಗೇ ಬರುತ್ತದೆ.

ಬೇರೆ ಜನರಿಗೆ ಬೇರೆ ಲೆಕ್ಕ. ಖಾನಾವಳಿಯವರಿಗೆ ಹುಡುಗರ ದುಡ್ಡು ತಿಂಗಳ ಮೊದಲ ವಾರ ಬರುತ್ತದೆ, ಅವರಿಗೆ ತಿಂಗಳ ಚಂದಾ ಸರಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ನೋಟಿಫಿಕೇಶನ್ ಬಂದಾಗ ಮಾತ್ರ ಕಟ್ಟುತ್ತಾರೆ, ಒಂದೇ ಲಾಗಿನ್ ರೂಮಿನವರೆಲ್ಲ ಹಂಚಿಕೊಳ್ಳುತ್ತಾರೆ. ಅವರಿಗೆ "ಈ ಒಂದು ಪರೀಕ್ಷೆಗೆ ಇಷ್ಟು" ಅಂತ ಇಡಿ.

ದುಡ್ಡು ಕಟ್ಟುವ ದಾರಿಯೂ ರೇಟಿನ ಭಾಗವೇ. ವಾಟ್ಸ್‌ಆಪ್ ಒಂದು ಕಾಲದಲ್ಲಿ ಮೊದಲ ವರ್ಷ ಪುಕ್ಕಟೆ, ಆಮೇಲೆ ವರ್ಷಕ್ಕೆ ಒಂದು ಡಾಲರ್‌ನಷ್ಟು ಕೇಳುತ್ತಿತ್ತು. 2016ರ ಜನವರಿಯಲ್ಲಿ ಅದನ್ನು ಬಿಟ್ಟಿತು. ಬಹಳ ಜನರ ಹತ್ತಿರ ಡೆಬಿಟ್, ಕ್ರೆಡಿಟ್ ಕಾರ್ಡೇ ಇಲ್ಲ ಅನ್ನುವುದು ಕೊಟ್ಟ ಕಾರಣಗಳಲ್ಲಿ ಒಂದು. ರೇಟ್ ಅಷ್ಟು ಸಣ್ಣದಿದ್ದರೂ ಕಟ್ಟುವ ದಾರಿ ಇರಲಿಲ್ಲ. ಅದೇ ವರ್ಷ ನಮ್ಮಲ್ಲಿ ಯುಪಿಐ ಬಂತು, 2020ರಲ್ಲಿ ಯುಪಿಐ ಆಟೋಪೇ, ಅಂದರೆ ಒಮ್ಮೆ ಒಪ್ಪಿಗೆ ಕೊಟ್ಟರೆ ಚಂದಾ ತಾನಾಗಿಯೇ ಕಡಿತ ಆಗುವ ವ್ಯವಸ್ಥೆ. ಆಟೋಪೇ ಇದ್ದರೆ ದುಡ್ಡು ಕಡಿತ ಆಗುವ 24 ಗಂಟೆ ಮುಂಚೆ ಗಿರಾಕಿಗೆ ಸೂಚನೆ ಹೋಗುತ್ತದೆ. ಅದನ್ನು ನೋಡಿ ರದ್ದು ಮಾಡುವವರು ಇದ್ದಾರೆ. ಹಾಗಾಗಿ ನಾನು ಅದಕ್ಕೂ ಒಂದು ವಾರ ಮುಂಚೆ ಈ ವರ್ಷದ ಅವರ ತೋಟದ ಲೆಕ್ಕ ಪೂರ್ತಿ ಪಿಡಿಎಫ್ ಮಾಡಿ ಕಳಿಸುತ್ತೇನೆ. ಎಷ್ಟು ಸುತ್ತು ಔಷಧಿ, ಎಷ್ಟು ಆಳು, ಎಷ್ಟು ಖರ್ಚು ಎಲ್ಲ ಅದರಲ್ಲಿರುತ್ತದೆ. ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಅಂತ ಕಣ್ಣೆದುರು ಇರಬೇಕು.

ಸ್ಟೋರ್‌ನ ಪಾಲು ಮರೆಯಬೇಡಿ. ಗೂಗಲ್ ಪ್ಲೇ 2022ರ ಜನವರಿಯಲ್ಲಿ ಚಂದಾಗಳ ಮೇಲಿನ ಸೇವಾ ಶುಲ್ಕವನ್ನು ಶೇ 15ಕ್ಕೆ ಇಳಿಸಿತು. ಆ ಲೆಕ್ಕದಲ್ಲಿ 600ಕ್ಕೆ 90 ಅಲ್ಲಿಗೇ ಹೋಯಿತು. ಈಗಿನ ದರ, ಬೇರೆ ಪಾವತಿ ದಾರಿಯ ನಿಯಮ ಎರಡನ್ನೂ ಪ್ಲೇ ಕನ್ಸೋಲ್‌ನಲ್ಲಿ (ಆಪ್ ಮಾಡುವವರಿಗೆ ಗೂಗಲ್ ಕೊಡುವ ಪುಟ) ಓದಿಯೇ ಮುಂದೆ ಹೋಗಿ. ಸ್ಟೋರ್‌ನಲ್ಲಿರುವ ಆಪ್‌ನೊಳಗೆ ಮನಸ್ಸಿಗೆ ಬಂದಂತೆ ಕ್ಯೂಆರ್ ಹಾಕಿದರೆ ಆಪ್ ತೆಗೆದುಹಾಕಬಹುದು. ಜಿಎಸ್‌ಟಿ ನಿಮಗೆ ಬರುತ್ತದಾ ಅಂತ ಸಿಎ ಹತ್ತಿರ ಮೊದಲೇ ಕೇಳಿ. ಬಂದರೆ ಇಂಥ ಸೇವೆಗೆ ಶೇ 18.

ಪುಕ್ಕಟೆ ಏನು ಕೊಡಬೇಕು ಅನ್ನುವುದರಲ್ಲಿ ನನ್ನ ನಿಲುವು ಗಟ್ಟಿ. ಲೆಕ್ಕ ಬರೆಯುವುದು, ಬರೆದದ್ದನ್ನು ನೋಡುವುದು ಯಾವತ್ತೂ ಪುಕ್ಕಟೆ. ಅವರು ಬರೆದ ಲೆಕ್ಕ ಅವರದು. ಚಂದಾ ಮುಗಿಯಿತು ಅಂತ ಅದಕ್ಕೆ ಬೀಗ ಹಾಕುವುದು ಅನ್ಯಾಯ. ಕಟಾವಿಗೆ ಎಷ್ಟು ದಿನ ಉಳಿದಿದೆ ಅನ್ನುವ ಎಚ್ಚರಿಕೆ, ವ್ಯಾಪಾರಿಗೆ ಕಳಿಸುವ ವರದಿ, ಶೆಡ್ಡಿನ ಪೂರ್ತಿ ಲೆಕ್ಕ ಇವಕ್ಕೆ ದುಡ್ಡು. ಜಾಹೀರಾತು ಹಾಕಿ ಪುಕ್ಕಟೆ ಕೊಡಿ ಅಂತ ಹೇಳುವವರಿದ್ದಾರೆ. ಔಷಧಿ ಲೆಕ್ಕದ ಆಪ್‌ನಲ್ಲಿ ಔಷಧಿ ಜಾಹೀರಾತು ಬಂದರೆ ಆ ಹಿರಿಯರ ಸಂಶಯವೇ ನಿಜ ಆದಂತೆ, ಅಲ್ವಾ?

ಕಮ್ಮಿ ದುಡ್ಡಿನವರಿಗೆ ಕೊಡುವುದಾದರೆ ಅದೇ ಮಾಲಿಗೆ ರೇಟ್ ಇಳಿಸದೆ ಸಣ್ಣ ಮಾಲು ಮಾಡಿ. ನೆಟ್‌ಫ್ಲಿಕ್ಸ್ 2019ರಲ್ಲಿ ನಮ್ಮ ದೇಶಕ್ಕೆ ಮೊಬೈಲ್‌ನಲ್ಲಿ ಮಾತ್ರ ನೋಡುವ ಪ್ಲಾನ್ ಅನ್ನು 199ಕ್ಕೆ ತಂದಿತು, 2021ರ ಡಿಸೆಂಬರ್‌ನಲ್ಲಿ 149ಕ್ಕೆ ಇಳಿಸಿತು. ಟಿವಿ ಬೇಕಾದವರು ಜಾಸ್ತಿ ಕೊಡಬೇಕು. ನಮ್ಮಲ್ಲಿ ಒಂದು ಪ್ಲಾಟ್‌ಗೆ (ತೋಟದ ಒಂದು ತುಂಡಿಗೆ) ಒಂದು ರೇಟ್, ಎಷ್ಟು ಪ್ಲಾಟ್ ಇದ್ದರೂ ಸೇರಿಸಿ ಇನ್ನೊಂದು ರೇಟ್.

ನವೀಕರಣ ಮಾಡದವರಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಮಾಡಿ. "ರೊಕ್ಕ ಇಲ್ರಿ" ಅಂದರೆ ಅದು ಬೆಳೆಯ ಮಾತು, ಒಂದು ಹಂಗಾಮು ಬಿಟ್ಟು ಕೇಳಿ. "ಉಪಯೋಗ ಆಗಲಿಲ್ಲ" ಅಂದರೆ ಎಲ್ಲಿ ನಿಂತಿತು ಅಂತ ಕೂತು ಕೇಳಿಸಿಕೊಳ್ಳಿ. "ಮಗ ಬೆಂಗಳೂರಿಗೆ ಹೋದ" ಅಂದರೆ ದುಡ್ಡಿನ ತೊಂದರೆ ಅಲ್ಲವೇ ಅಲ್ಲ. ದುಡ್ಡು ಕೊಟ್ಟವರು ಅಪ್ಪ, ಆಪ್ ಒತ್ತುತ್ತಿದ್ದವನು ಮಗ. ಅಂಥ ಮನೆಗೆ ರೇಟ್ ಇಳಿಸಿ ಏನೂ ಪ್ರಯೋಜನವಿಲ್ಲ. ಟೈಪ್ ಮಾಡದೆ ಮಾತಾಡಿ ಲೆಕ್ಕ ಹಾಕುವ ಸೌಕರ್ಯ ಕೊಡಿ, ಅಪ್ಪನೇ ವಾಪಸ್ ಬರುತ್ತಾರೆ. ಈ ಫೋನುಗಳನ್ನೆಲ್ಲ ಜೂನ್, ಜುಲೈನಲ್ಲಿ ಮುಗಿಸಿಕೊಳ್ಳಿ. ಅಕ್ಟೋಬರ್ ಚಾಟ್ನಿ ಶುರುವಾದ ಮೇಲೆ ತೋಟದಲ್ಲಿ ಯಾರೂ ಫೋನ್ ಎತ್ತುವುದಿಲ್ಲ.