ಕೂದಲು ಹೊದ್ದ ಸಿಕಾಡವನ್ನು ಹುಡುಕಿ ಗುರುತಿಸುವ ಬಗೆ

ಸಿಕಾಡವನ್ನು, ಅಂದರೆ ನಾವು ಜೀರುಂಡೆ ಎನ್ನುವ ಮರದ ಕೀಟವನ್ನು, ಹುಡುಕುವವರು ಸಾಮಾನ್ಯವಾಗಿ ಕಿವಿಯನ್ನೇ ನಂಬುತ್ತಾರೆ. ಆಸ್ಟ್ರೇಲಿಯಾದ ಟೆಟ್ಟಿಗಾರ್ಕ್ಟಾ ಕುಲದ ಮಟ್ಟಿಗೆ ಆ ಅಭ್ಯಾಸವನ್ನು ಮೊದಲು ಬಿಡಬೇಕು. ಈ ಕೀಟಕ್ಕೆ ದೂರಕ್ಕೆ ಕೇಳುವ ಕೂಗಿಲ್ಲ, ಇತರ ಸಿಕಾಡಗಳಿಗಿರುವಂಥ ಕಿವಿಪೊರೆಯೂ ಇಲ್ಲ; ಗಂಡು ಹೆಣ್ಣುಗಳೆರಡೂ ತಾವು ಕುಳಿತ ಕೊಂಬೆಯನ್ನೇ ಕಂಪಿಸಿ, ಆ ಕಂಪನದ ಮೂಲಕವೇ ಒಂದಕ್ಕೊಂದು ಸುಳಿವು ಕೊಡುತ್ತವೆ.

ಪ್ರಭೇದವನ್ನು ನಿರ್ಧರಿಸುವುದು ಕಷ್ಟವಲ್ಲ. ಡೈನೋಸಾರ್‌ಗಳ ಕಾಲದ ಶಿಲೆಗಳಲ್ಲಿ ಈ ಕುಟುಂಬದ ಹಲವಾರು ಪಳೆಯುಳಿಕೆಗಳು ದೊರೆತಿದ್ದರೂ ಇಂದು ಬದುಕಿರುವುದು ಎರಡೇ ಪ್ರಭೇದಗಳು. ಟಾಸ್ಮೇನಿಯಾ ದ್ವೀಪದಲ್ಲಿ ಕಂಡದ್ದು 1845ರಲ್ಲಿ ಹೆಸರು ಪಡೆದ ಟೊಮೆಂಟೋಸಾ. ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್‌ನ ಎತ್ತರದ ಶೀತಲ ಕಾಡುಗಳಲ್ಲಿ ಕಂಡದ್ದು 1883ರಲ್ಲಿ ಹೆಸರು ಪಡೆದ ಕ್ರಿನಿಟಾ.

ಹುಡುಕಾಟಕ್ಕೆ ಅಲ್ಲಿನ ಬೇಸಿಗೆಯ ಕೊನೆ ಮತ್ತು ಶರತ್ಕಾಲ ಸೂಕ್ತ. ಹಗಲೆಲ್ಲ ನೀಲಗಿರಿ ಜಾತಿಯ ಮರಗಳ ಸಡಿಲ ತೊಗಟೆಯಡಿ ಅಡಗಿರುವ ಕೀಟ ಮುಸ್ಸಂಜೆಗೆ ಹೊರಬರುತ್ತದೆ, ಇತರ ಸಿಕಾಡಗಳು ಮರಗಟ್ಟುವಂಥ ಚಳಿಯಲ್ಲೂ ಚುರುಕಾಗಿರುತ್ತದೆ. ಆದ್ದರಿಂದ ಬೆಚ್ಚನೆಯ ಉಡುಪು ಧರಿಸಿ, ಕತ್ತಲಾಗುವ ಮುನ್ನವೇ ಬಿಳಿ ಬಟ್ಟೆಯೊಂದನ್ನು ಇಳಿಬಿಟ್ಟು, ಅದರ ಮುಂದೆ ದೀಪ ಹಚ್ಚಿ ಕಾಯಿರಿ. ಬೆಳಕಿಗೆ ಅದು ತಾನಾಗಿಯೇ ಬರುವುದುಂಟು.

ಬಟ್ಟೆಯ ಮೇಲೆ ಕುಳಿತಾಗ ಮೊದಲು ಬೆನ್ನನ್ನು ನೋಡಬೇಕು. ಮೈತುಂಬ ಇರುವ ಕೂದಲು ಕಣ್ಣಿಗೆ ಬೇಗ ಬೀಳುತ್ತದೆ, ನಿಜ. ಆದರೆ ಬೇರೆ ಕೆಲವು ಸಿಕಾಡಗಳಿಗೂ ಕೂದಲಿರುವುದರಿಂದ ನಾನು ಅದನ್ನು ಎರಡನೆಯ ಗುರುತೆಂದೇ ಎಣಿಸುತ್ತೇನೆ. ಸಾಮಾನ್ಯ ಸಿಕಾಡದಲ್ಲಿ ಎದೆಯ ಮುಂಭಾಗದ ಫಲಕ ತಲೆಯ ಹಿಂದೆ ಪಟ್ಟಿಯಂತೆ ಮುಗಿದು, ನಡು ಎದೆಯ ಉಬ್ಬು ತೆರೆದೇ ಕಾಣುತ್ತದೆ. ಇಲ್ಲಿಯಾದರೋ ಅದೇ ಫಲಕ, ಹೆಗಲ ಮೇಲೆ ಹೊದ್ದ ಕಂಬಳಿಯಂತೆ ಹಿಂದಕ್ಕೆ ಚಾಚಿ, ಆ ಉಬ್ಬಿನ ಬಹುಭಾಗವನ್ನು ಮುಚ್ಚಿರುತ್ತದೆ. ಅದರ ಮುಂದೆ ತಲೆ ತೀರ ಕಿರಿದಾಗಿ ತೋರುತ್ತದೆ. ಭೂತಗನ್ನಡಿ ಇದ್ದರೆ ಪಾದದ ತುದಿಯನ್ನೂ ನೋಡಿ: ಎರಡು ಉಗುರುಗಳ ನಡುವೆ ಮೆತ್ತೆಯಂಥ ಭಾಗ ಕಾಣಬೇಕು.

ಬೆನ್ನು, ತಲೆ, ಪಾದ ಈ ಮೂರರ ಚಿತ್ರ ತೆಗೆದುಕೊಂಡರೆ ಸಾಕು, ಕೀಟವನ್ನು ಹಿಡಿಯುವ ಅಗತ್ಯವಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಂತೂ ಪರವಾನಗಿಯಿಲ್ಲದೆ ಹಿಡಿಯುವಂತಿಲ್ಲ. ಹಗಲಿನಲ್ಲಿ ತೊಗಟೆ ಎಬ್ಬಿ ಹುಡುಕುವ ಆತುರವೂ ಬೇಡ. ಕಿತ್ತ ತೊಗಟೆಯನ್ನು ಮತ್ತೆ ಅಂಟಿಸಲಾಗದು, ಮರುದಿನ ಬೆಳಗ್ಗೆ ಕೀಟಕ್ಕೆ ಬೇಕಾಗುವುದು ಅದೇ ಮರೆ.