ಡೇಟಾಬೇಸ್ ಕೊಳ್ಳುವ ಮುಂಚೆ ಬೆಲೆ ಹೋಲಿಸುವುದು ಹೇಗೆ?

ಗೋಣಿಕೊಪ್ಪದ ಕಾಫಿ ವ್ಯಾಪಾರಿಯೊಬ್ಬರು ಡೇಟಾಬೇಸ್‌ಗೆ, ಅಂದರೆ ಲೆಕ್ಕಪತ್ರವನ್ನು ಕಂಪ್ಯೂಟರ್‌ನಲ್ಲಿ ಜೋಡಿಸಿಡುವ ಸಾಫ್ಟ್‌ವೇರ್‌ಗೆ, ಬಂದ ಮೂರು ಕೊಟೇಶನ್ ನನ್ನ ಮುಂದೆ ಹರಡಿದರು. ಒಂದರಲ್ಲಿ ಕೋರ್ (ಕಂಪ್ಯೂಟರ್ ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ) ಲೆಕ್ಕದ ಬೆಲೆ, ಇನ್ನೊಂದರಲ್ಲಿ ಬಳಸುವ ಆಳಿನ ಲೆಕ್ಕ, ಮೂರನೆಯದರಲ್ಲಿ ತಿಂಗಳ ಬಾಡಿಗೆ. "ಯಾವುದು ಕಮ್ಮಿ ಹೇಳಿ" ಅಂದರು. ನಾನು ಅವರನ್ನೇ ಕೇಳಿದೆ: ಚೆರಿ (ಹಣ್ಣನ್ನು ಹಾಗೇ ಒಣಗಿಸಿದ ಕಾಫಿ) ರೇಟನ್ನೂ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ) ರೇಟನ್ನೂ ಪಕ್ಕದಲ್ಲಿಟ್ಟು ಯಾವುದು ಲಾಭ ಅಂತ ನೀವು ಹಾಗೇ ಹೇಳ್ತೀರಾ? ಇಲ್ಲ. ಮೊದಲು ಔಟ್‌ಟರ್ನ್ ನೋಡ್ತೀರಿ. ಚೀಲಕ್ಕೆ ಎಷ್ಟು ಕೆಜಿ ಬೀಜ ಬೀಳುತ್ತದೆ ಅಂತ ಗೊತ್ತಾದ ಮೇಲೆ ತಾನೇ ರೇಟಿಗೆ ಅರ್ಥ? ಡೇಟಾಬೇಸ್ ಬೆಲೆಯೂ ಹಾಗೆಯೇ.

ಕಾಫಿ ಸಂಸ್ಕರಿಸುವ ಕ್ಯೂರಿಂಗ್ ಕಚೇರಿ, ಸಹಕಾರ ಸಂಘ, ನಾಲ್ಕೈದು ಹೋಮ್‌ಸ್ಟೇ ನಡೆಸುವವರು, ಯಾರೇ ಆಗಲಿ, ಈ ಕೆಲಸವನ್ನು ಒಂದು ಬಿಳಿ ಹಾಳೆಯಿಂದ ಶುರು ಮಾಡಿ.

ಮೊದಲು ನಿಮ್ಮದನ್ನು ಎಣಿಸಿ

ಹಾಳೆಯಲ್ಲಿ ನಾಲ್ಕು ಸಂಖ್ಯೆ ಬರೆಯಿರಿ. ಎಷ್ಟು ಜನ ಬಳಸುತ್ತಾರೆ? ಎಷ್ಟು ಯಂತ್ರಗಳಿಂದ ಬಳಸುತ್ತಾರೆ? ಡೇಟಾಬೇಸ್ ಕೂರುವ ಮುಖ್ಯ ಕಂಪ್ಯೂಟರಾದ ಸರ್ವರ್‌ನಲ್ಲಿ ಎಷ್ಟು ಕೋರ್ ಇವೆ? ವರ್ಷಕ್ಕೆ ಎಷ್ಟು ಡೇಟಾ ಸೇರುತ್ತದೆ?

ಕೊನೆಯದನ್ನು ಜನ ಯಾವಾಗಲೂ ಜಾಸ್ತಿ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ. ದಿನಕ್ಕೆ 200 ರಸೀದಿ, ಸೀಸನ್‌ನಲ್ಲಿ 120 ದಿನ ಅಂದರೆ 24,000 ರಸೀದಿ. ಬೆಳೆಗಾರರ ಹೆಸರು, ಚೀಲ, ತೂಕ, ತೇವಾಂಶ, ರೇಟು ಎಲ್ಲ ಸೇರಿ ಒಂದು ರಸೀದಿಗೆ 1 ಕೆಬಿ ಹಿಡಿದರೂ ಇಡೀ ಸೀಸನ್ 24 ಎಂಬಿ ಆಗುತ್ತದೆ, ಅಷ್ಟೇ. ಆದರೆ ಪ್ರತಿ ರಸೀದಿಯ ಫೋಟೋವನ್ನೂ ಡೇಟಾಬೇಸ್ ಒಳಗೇ ತುಂಬಿದರೆ? ಫೋಟೋಗೆ 500 ಕೆಬಿ ಅಂದರೂ ಒಂದೇ ಸೀಸನ್‌ಗೆ 12 ಜಿಬಿ. ಫೋಟೋವನ್ನು ಫೋಲ್ಡರ್‌ನಲ್ಲಿಟ್ಟು, ಅದು ಎಲ್ಲಿದೆ ಅನ್ನುವುದನ್ನು ಮಾತ್ರ ಡೇಟಾಬೇಸ್‌ನಲ್ಲಿ ಬರೆಸಿ. ಇದೊಂದು ತೀರ್ಮಾನದಿಂದಲೇ ಎಷ್ಟೋ ಕಡೆ ಲೈಸೆನ್ಸ್ ಖರ್ಚು ಪೂರ್ತಿ ಉಳಿಯುತ್ತದೆ.

ಉಚಿತದ ಗೆರೆ ಎಲ್ಲಿದೆ ನೋಡಿ

ದೊಡ್ಡ ಕಂಪನಿಗಳೆಲ್ಲ ಒಂದು ಉಚಿತ ಆವೃತ್ತಿ ಕೊಡುತ್ತವೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ 2022ರ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ, ಹೆಚ್ಚೆಂದರೆ 4 ಕೋರ್. ಆರಕಲ್‌ನ ಉಚಿತ ಆವೃತ್ತಿಯಲ್ಲಿ 12 ಜಿಬಿ ಡೇಟಾ, 2 ಜಿಬಿ ಮೆಮೊರಿ. ಐಬಿಎಂ ಡಿಬಿ2 11.5ರ ಕಮ್ಯುನಿಟಿಯಲ್ಲಿ 4 ಕೋರ್, 16 ಜಿಬಿ ಮೆಮೊರಿ. ಪೋಸ್ಟ್‌ಗ್ರೆಸ್ ಅನ್ನುವ ಮುಕ್ತ ಡೇಟಾಬೇಸ್‌ಗೆ ಲೈಸೆನ್ಸ್ ದುಡ್ಡೂ ಇಲ್ಲ, ಇಂಥ ಮಿತಿಯೂ ಇಲ್ಲ. ದುಡ್ಡು ಕೊಟ್ಟೇ ಕೊಳ್ಳುವವರೂ ಹಾಳೆಯಲ್ಲಿ ಪೋಸ್ಟ್‌ಗ್ರೆಸ್‌ಗೆ ಒಂದು ಸಾಲು ಇಡಿ. ಉಳಿದವರು ಕೇಳುವ ದುಡ್ಡಿಗೆ ಏನು ಹೆಚ್ಚಿಗೆ ಸಿಗುತ್ತದೆ ಅನ್ನುವುದು ಆಗ ಕಾಣುತ್ತದೆ.

ಎಸ್‌ಕ್ಯೂಎಲ್ ಸರ್ವರ್ 2022ಕ್ಕೆ ಡೆವಲಪರ್ ಆವೃತ್ತಿ ಅಂತಲೂ ಒಂದಿದೆ. ಅದೂ ಉಚಿತ, ಎಲ್ಲ ಸೌಲಭ್ಯವೂ ಇರುತ್ತದೆ. ಆದರೆ ಅದು ಕಲಿಯಲು, ಪರೀಕ್ಷೆ ಮಾಡಲು ಮಾತ್ರ. ಅದರಲ್ಲಿ ವ್ಯಾಪಾರ ನಡೆಸುವಂತಿಲ್ಲ.

ಎಲ್ಲವನ್ನೂ ಐದು ವರ್ಷಕ್ಕೆ ಇಳಿಸಿ

ಹೋಲಿಕೆಯ ಜೀವಾಳ ಇಲ್ಲಿದೆ. ನಿಧಾನವಾಗಿ ಮಾಡಿ.

ದುಡ್ಡು ಕೊಟ್ಟು ಕೊಳ್ಳುವ ಎಸ್‌ಕ್ಯೂಎಲ್ ಸರ್ವರ್ 2022 ಸ್ಟ್ಯಾಂಡರ್ಡ್‌ಗೆ ಮೈಕ್ರೋಸಾಫ್ಟ್ ಪ್ರಕಟಿಸಿದ ದರ ಎರಡು ಬಗೆಯದು. ಕೋರ್ ಲೆಕ್ಕದಲ್ಲಿ 2 ಕೋರ್‌ಗೆ 3,945 ಡಾಲರ್, ಕನಿಷ್ಠ 4 ಕೋರ್ ಕೊಳ್ಳಲೇಬೇಕು. ಅಂದರೆ 7,890 ಡಾಲರ್. ಇನ್ನೊಂದು ಬಗೆಯಲ್ಲಿ ಸರ್ವರ್‌ಗೆ 989 ಡಾಲರ್, ಬಳಸುವ ಪ್ರತಿಯೊಬ್ಬರಿಗೂ 230 ಡಾಲರ್‌ನ ಒಂದು ಕ್ಯಾಲ್ (ಬಳಸುವ ಪರವಾನಗಿ). 12 ಜನರಿದ್ದರೆ 3,749 ಡಾಲರ್ ಆಯಿತು. 30 ಜನರಿದ್ದರೆ 7,889. ಕೋರ್ ಲೆಕ್ಕಕ್ಕಿಂತ ಒಂದೇ ಡಾಲರ್ ಕಮ್ಮಿ! ಹಾಗಾಗಿ 4 ಕೋರ್ ಸರ್ವರ್‌ಗೆ 30 ಜನವೇ ಗೆರೆ. ಅದರೊಳಗಿದ್ದರೆ ಆಳಿನ ಲೆಕ್ಕ, ದಾಟಿದರೆ ಕೋರ್ ಲೆಕ್ಕ. 8 ಕೋರ್ ಇದ್ದರೆ ಈ ಗೆರೆ 64 ಜನಕ್ಕೆ ಹೋಗುತ್ತದೆ.

ಕ್ಯಾಲ್ ಅನ್ನು ಆಳಿಗೆ ಬೇಕಾದರೂ ಕೊಳ್ಳಬಹುದು, ಯಂತ್ರಕ್ಕೆ ಬೇಕಾದರೂ ಕೊಳ್ಳಬಹುದು. ವೇ ಬ್ರಿಡ್ಜ್ ಹತ್ತಿರದ ಒಂದೇ ಕಂಪ್ಯೂಟರ್‌ನಲ್ಲಿ ಮೂವರು ಪಾಳಿಯಲ್ಲಿ ಕೂರುತ್ತಾರಾ? ಯಂತ್ರಕ್ಕೆ ಒಂದು ಸಾಕು. ತೋಟದ ಲೆಕ್ಕ ಬರೆಯುವ ರೈಟರ್ ಮೊಬೈಲ್ ಆ್ಯಪ್‌ನಲ್ಲಿ ಕುಯ್ಲಿನ ತೂಕ ಹಾಕುತ್ತಾರಾ? ಅವರೂ ಎಣಿಕೆಗೆ ಸೇರುತ್ತಾರೆ. ನಡುವೆ ಇನ್ನೊಂದು ಸಾಫ್ಟ್‌ವೇರ್ ಇದೆ, ಅದೊಂದೇ ಡೇಟಾಬೇಸ್ ಮುಟ್ಟುತ್ತದೆ ಅನ್ನುವ ಕಾರಣ ನಡೆಯುವುದಿಲ್ಲ. ಹೋಮ್‌ಸ್ಟೇಗೆ ಹೊರಗಿನವರೇ ವೆಬ್‌ಸೈಟ್‌ನಲ್ಲಿ ಬುಕಿಂಗ್ ಮಾಡುವಂತಿದ್ದರೆ ಆಳು ಎಣಿಸಲು ಆಗುವುದಿಲ್ಲ. ಆಗ ಕೋರ್ ಲೆಕ್ಕವೇ ಗತಿ.

ಆರಕಲ್ ದರಪಟ್ಟಿಯಲ್ಲಿ ಸ್ಟ್ಯಾಂಡರ್ಡ್ ಎಡಿಷನ್ 2 ಒಂದು ಪ್ರೊಸೆಸರ್‌ಗೆ 17,500 ಡಾಲರ್. ಸಪೋರ್ಟ್ ವರ್ಷಕ್ಕೆ ಅದರ 22%, ಅಂದರೆ 3,850. ಐದು ವರ್ಷಕ್ಕೆ ಒಟ್ಟು 36,750. ಸಪೋರ್ಟ್ ದುಡ್ಡೇ ಮೂಲ ಬೆಲೆಯನ್ನು ಮೀರಿತು, ಗಮನಿಸಿ. ಆಳಿನ ಲೆಕ್ಕದಲ್ಲಿ ಒಬ್ಬರಿಗೆ 350 ಡಾಲರ್, ಕನಿಷ್ಠ 10 ಜನ. ಎಂಟರ್‌ಪ್ರೈಸ್ ಎಡಿಷನ್ ಪ್ರೊಸೆಸರ್‌ಗೆ 47,500. ಅದರ ಮೇಲೆ ಪಾರ್ಟಿಷನಿಂಗ್ (ದೊಡ್ಡ ಕೋಷ್ಟಕವನ್ನು ತುಂಡು ಮಾಡಿಡುವ ಸೌಲಭ್ಯ) ಬೇಕಾದರೆ 11,500 ಬೇರೆ. ಸಣ್ಣ ಸಂಸ್ಥೆಗೆ ಇದು ಬೇಕಾಗಿಯೇ ಇಲ್ಲ. ಯಾರಾದರೂ ಶಿಫಾರಸು ಮಾಡಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ಇಂಟರ್ನೆಟ್ ಮೂಲಕ ಬೇರೆಯವರ ಸರ್ವರ್ ಬಳಸುವ ಕ್ಲೌಡ್‌ನ ತಿಂಗಳ ಬಾಡಿಗೆಯನ್ನು 60ರಿಂದ ಗುಣಿಸಿ. ಎಲ್ಲದಕ್ಕೂ 18% ಜಿಎಸ್‌ಟಿ ಸೇರಿಸಿ. ಕೊಳ್ಳುವ ದಿನದ ದರವನ್ನೂ ಡಾಲರ್ ಬೆಲೆಯನ್ನೂ ಹಾಕಿ ಇನ್ನೊಮ್ಮೆ ಕೂಡಿಸಿ.

ಸೌಲಭ್ಯ ನೋಡುವಾಗ ನಮ್ಮೂರಿನ ಮಳೆ ನೆನಪಿರಲಿ

ಸೌಲಭ್ಯಗಳ ಪಟ್ಟಿ ಹತ್ತು ಪುಟ ಇರುತ್ತದೆ. ನಮಗೆ ಬೇಕಾದ್ದು ಮೂರು: ಕರೆಂಟು ಹೋದಾಗ ಏನಾಗುತ್ತದೆ, ನೆಟ್‌ವರ್ಕ್ ಹೋದಾಗ ಏನಾಗುತ್ತದೆ, ಕನ್ನಡ ಸರಿಯಾಗಿ ಉಳಿಯುತ್ತದಾ.

ಮೇಲೆ ಹೇಳಿದ ಡೇಟಾಬೇಸ್‌ಗಳು ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್ ಅನ್ನುವ ದಿನಚರಿ ಫೈಲ್‌ನಲ್ಲಿ ಬರೆದು ಆಮೇಲೆ ಮುಖ್ಯ ಫೈಲ್‌ಗೆ ಇಳಿಸುತ್ತವೆ. ಹಾಗಾಗಿ ನಡುವೆ ಕರೆಂಟು ಹೋದರೂ ಸೇವ್ ಆದದ್ದು ಉಳಿಯಬೇಕು, ಅರ್ಧ ಆದದ್ದು ಅಳಿಯಬೇಕು. ಸುಮ್ನೆ ನಂಬಬೇಡಿ. ಬೇರೊಂದು ಯಂತ್ರದಲ್ಲಿ ಡೆಮೊ ಹಾಕಿಸಿ, 50 ರಸೀದಿ ಸೇವ್ ಮಾಡಿ, 51ನೆಯದರ ನಡುವೆ ಪ್ಲಗ್ ಕಿತ್ತು, ಮತ್ತೆ ಹಾಕಿ ಎಣಿಸಿ.

ಕ್ಲೌಡ್ ಕೊಳ್ಳುವವರು 2018ರ ಆಗಸ್ಟ್ ನೆನಪಿಸಿಕೊಳ್ಳಿ. ಕೊಡಗಿನಲ್ಲಿ ಗುಡ್ಡ ಕುಸಿದು ರಸ್ತೆ, ಕರೆಂಟು, ಫೋನು ಮೂರೂ ಹೋಗಿದ್ದವು. ಅಷ್ಟು ದೊಡ್ಡದು ಬೇಡ, ಜುಲೈ ಮಳೆಗೆ ಮರ ಬಿದ್ದು ಕೇಬಲ್ ತುಂಡಾದರೂ ಸಾಕು. ಆ ಹೊತ್ತಿನಲ್ಲಿ ರಸೀದಿ ಹೇಗೆ ಕೊಡ್ತೀರಿ ಅನ್ನುವುದಕ್ಕೆ ಉತ್ತರ ಕೊಟೇಶನ್‌ನಲ್ಲೇ ಇರಬೇಕು.

ಕನ್ನಡದ ಪರೀಕ್ಷೆಗೆ "ಪೊನ್ನಂಪೇಟೆ" ಅಂತ ಹಾಕಿ ನೋಡಿ. ಕಣ್ಣಿಗೆ ನಾಲ್ಕೇ ಅಕ್ಷರ. ಎಲ್ಲ ಭಾಷೆಯ ಲಿಪಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು 10 ಸಂಕೇತ, ಯುಟಿಎಫ್-8 ರೂಪದಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 30 ಬೈಟ್. ಆರಕಲ್‌ನಲ್ಲಿ ಅಂಕಣದ ಉದ್ದವನ್ನು 30 ಅಂತ ಕೊಟ್ಟರೆ ಅದು ಸಾಮಾನ್ಯವಾಗಿ 30 ಬೈಟ್. ಪೊನ್ನಂಪೇಟೆ ಅಲ್ಲಿಗೆ ಭರ್ತಿ. ಮುಂದೆ "ತಾಲ್ಲೂಕು" ಸೇರಿಸಿದರೆ ತಗೊಳ್ಳುವುದಿಲ್ಲ. ಬೈಟ್ ಬದಲು ಸಂಕೇತದ ಲೆಕ್ಕ ಇಡಲು ಹೇಳಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅಂಕಣ ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಬಗೆಯದಾಗಿರಲಿ. ಬರೀ ವಾರ್‌ಚಾರ್ ಇಟ್ಟರೆ ಸಾಮಾನ್ಯವಾಗಿ ಕನ್ನಡ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನೆ ಚಿಹ್ನೆಗಳು ಕೂತಿರುತ್ತವೆ. ಆಮೇಲೆ ಆ ಹೆಸರು ವಾಪಸ್ ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು. ನಾನೊಮ್ಮೆ ಹೀಗೆ ಹಾಳಾದ ಸದಸ್ಯರ ಪಟ್ಟಿಯನ್ನು ಹಳೆಯ ಲೆಡ್ಜರ್ ನೋಡಿಕೊಂಡು ಎರಡು ವಾರ ಕೂತು ತುಂಬಿಸಿದ್ದೇನೆ. ಆ ಹೆಸರುಗಳು ಅವರ ದುಡ್ಡಿನ ಲೆಕ್ಕಕ್ಕೆ ಅಂಟಿಕೊಂಡಿರುತ್ತವೆ, ತಪ್ಪಾಗಲೇಬಾರದು. ಹಳೆಯ ನುಡಿ ಫಾಂಟ್‌ನಲ್ಲಿರುವ ಡೇಟಾವನ್ನು ಯೂನಿಕೋಡ್‌ಗೆ ತರುವುದು ಯಾರ ಕೆಲಸ ಅನ್ನುವುದೂ ಬರಹದಲ್ಲಿ ಬರಲಿ.

ವೇಗದ ಬಗ್ಗೆ ಯಾರ ಮಾತನ್ನೂ ಕೇಳಬೇಡಿ. ಆರಕಲ್, ಮೈಕ್ರೋಸಾಫ್ಟ್ ಎರಡರ ಒಪ್ಪಂದದಲ್ಲೂ ಒಪ್ಪಿಗೆ ಇಲ್ಲದೆ ವೇಗ ಪರೀಕ್ಷೆಯ ಫಲಿತಾಂಶ ಪ್ರಕಟಿಸುವಂತಿಲ್ಲ ಎಂದಿದೆ. ನಿಮ್ಮ ಡೇಟಾದಲ್ಲಿ ನೀವೇ ಓಡಿಸಿ ನೋಡಿ.

ಸಹಿ ಹಾಕುವ ಮುಂಚೆ

ಕೊಡುತ್ತಿರುವ ಆವೃತ್ತಿಗೆ ಯಾವ ವರ್ಷದವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ ಕೇಳಿ. ಎಸ್‌ಕ್ಯೂಎಲ್ ಸರ್ವರ್ 2014ರ ಅವಧಿ 2024ರ ಜುಲೈಗೆ ಮುಗಿಯಿತು, 2016ರದ್ದು 2026ರ ಜುಲೈವರೆಗೆ. ಹಳೆಯದನ್ನು ಅಗ್ಗಕ್ಕೆ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಕೆಟ್ಟಾಗ ಯಾರು ಬರುತ್ತಾರೆ ಅನ್ನುವುದೂ ಬೆಲೆಯೇ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಒಬ್ಬ ಮನುಷ್ಯ ಬಂದು ಹೋಗುವ ಖರ್ಚನ್ನು ಪ್ರತಿ ವರ್ಷಕ್ಕೂ ಸೇರಿಸಿ.

ಗೋಣಿಕೊಪ್ಪದವರ ಹಾಳೆಯಲ್ಲಿ 12 ಜನ, 24 ಎಂಬಿ ಅಂತ ಇತ್ತು. ಅವರು ಮೂರು ಕೊಟೇಶನ್‌ಗಳನ್ನೂ ವಾಪಸ್ ಕಳಿಸಿ ಎಕ್ಸ್‌ಪ್ರೆಸ್ ಹಾಕಿಸಿದರು. ಅದರಲ್ಲಿ ತಾನಾಗಿ ಬ್ಯಾಕಪ್ ತೆಗೆಯುವ ಏಜೆಂಟ್ ಇರುವುದಿಲ್ಲ. ಹಾಗಾಗಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ರಾತ್ರಿ ಒಂಬತ್ತಕ್ಕೆ ಸಮಯ ಕಟ್ಟಿಕೊಟ್ಟೆ. ಉಳಿದ ದುಡ್ಡಿನಲ್ಲಿ ಒಂದು ಒಳ್ಳೆ ಯುಪಿಎಸ್, ಎರಡು ಹೊರಗಿನ ಡಿಸ್ಕ್ ಬಂದವು. ಒಂದು ಡಿಸ್ಕ್ ಅಂಗಡಿಯಲ್ಲಿ, ಇನ್ನೊಂದು ಅವರ ಮನೆಯಲ್ಲಿ. ಪ್ರತಿ ಶನಿವಾರ ಅದಲು ಬದಲು ಮಾಡುತ್ತಾರೆ.