ಐಸಿಯುಗೆ ಆನೆ ಬಂದ ರಾತ್ರಿ

"ಲೈಟ್ ಆಫ್ ಮಾಡು ಮಾರಾಯ್ತಿ. ಹಲಸಿನ ಮರದ ಹತ್ರ ಆನೆ ನಿಂತಿದೆ" ಅಂದರು ಅಜ್ಜ.

ರಾತ್ರಿ ಒಂದೂವರೆ. ಮಡಿಕೇರಿಯಲ್ಲಿ ಜುಲೈ ತಿಂಗಳ ಮಳೆ. ಅವರು ಬೆರಳು ತೋರಿಸಿದ ಕಡೆ ಡ್ರಿಪ್ ಸ್ಟ್ಯಾಂಡ್ ಇತ್ತು, ಅದರ ಹಿಂದೆ ಬೂದು ಬಣ್ಣದ ಪರದೆ. ಯಾರಾದರೂ ಬಾಗಿಲು ತೆಗೆದಾಗಲೆಲ್ಲ ಪರದೆ ಅಲ್ಲಾಡುತ್ತಿತ್ತು. ಡ್ರಿಪ್ ಟ್ಯೂಬು ಸೊಂಡಿಲಿನ ಹಾಗೆ ಜೋತು ಬಿದ್ದಿತ್ತು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನನಗೂ ಆನೆಯೇ ಕಂಡಿತು.

ಅಜ್ಜ ಸುಂಟಿಕೊಪ್ಪ ಕಡೆಯವರು, ಎಪ್ಪತ್ತು ದಾಟಿದೆ. ಮೈಸೂರಿನಲ್ಲಿ ಬೈಪಾಸ್ ಮಾಡಿಸಿಕೊಂಡು ಮನೆಗೆ ಬಂದು ನಾಲ್ಕೇ ದಿನ. ಜ್ವರ, ಏದುಸಿರು ಅಂತ ನಾನು ನರ್ಸ್ ಆಗಿರುವ ಐಸಿಯುಗೆ ಕರೆತಂದರು. ನ್ಯುಮೋನಿಯಾ. ಮೊದಲ ದಿನ ವಾರ್ಡ್ ಬಾಯ್‌ಗೆ ಕಾಫಿ ರೇಟಿನ ಏರಿಳಿತ ವಿವರಿಸುತ್ತಾ ಆರಾಮಾಗಿದ್ದರು. ಎರಡನೇ ರಾತ್ರಿ ಹೀಗಾಯಿತು.

ಹಳಬರು ಇದಕ್ಕೆ ಸನ್ನಿ ಅನ್ನುತ್ತಾರೆ. ಡಾಕ್ಟರು ಕೇಸ್ ಶೀಟಿನಲ್ಲಿ ಬರೆಯುವುದು ಡಿಲೀರಿಯಂ. ಹಾರ್ಟ್ ಆಪರೇಷನ್ ಆದ ವಯಸ್ಸಾದವರಲ್ಲಿ ಇದು ತುಂಬಾ ಸಾಮಾನ್ಯ. ಬರುವವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಆದ ಮೊದಲ ಎರಡು ಮೂರು ದಿನದಲ್ಲೇ ಬರುತ್ತದೆ. ಅಜ್ಜನಿಗೆ ಆಗ ಬಾರದ್ದು ಸೋಂಕಿನ ಜೊತೆ ಬಂತು. ಬೆಳಿಗ್ಗೆ ಸರಿ ಇದ್ದವರು ಸಂಜೆಗೆ ಬೇರೆಯೇ ಮನುಷ್ಯ. ಹೊರಗೆ ಕೂತಿದ್ದ ಅಜ್ಜಿ "ತಲೆ ಕೆಟ್ಟು ಹೋಯ್ತಾ?" ಅಂತ ಅಳುತ್ತಿದ್ದರು. ಹುಚ್ಚು ಬೇರೆ, ಇದು ಬೇರೆ, ಮೈಯಲ್ಲಿ ಏನೋ ಎಡವಟ್ಟಾಗಿದೆ, ಹುಡುಕುತ್ತಿದ್ದೇವೆ ಅಂದೆ.

ನಾನು ಮೊದಲು ಬೇರೆ ಊರಿನ ಹಾರ್ಟ್ ಐಸಿಯುನಲ್ಲಿದ್ದೆ. ಅಲ್ಲಿ ಕೂಗಾಡಿದರೆ ಕೈ ಕಟ್ಟುವುದು, ನಿದ್ದೆಯ ಇಂಜೆಕ್ಷನ್ ಹಾಕುವುದು. ನಾನೂ ಎಷ್ಟೋ ಜನರ ಕೈ ಕಟ್ಟಿದ್ದೇನೆ. ಕಟ್ಟಿದಷ್ಟೂ ಅವರು ಜಾಸ್ತಿ ಎಳೆದಾಡುತ್ತಿದ್ದರು. ಮಿಡಜೋಲಂ ಅನ್ನುವ ಆ ನಿದ್ದೆಯ ಮದ್ದು ಕೊಟ್ಟರೆ ಆ ರಾತ್ರಿ ನಮಗೆ ಶಾಂತಿ, ಮಾರನೇ ದಿನ ರೋಗಿ ಇನ್ನಷ್ಟು ಗೊಂದಲ.

ಅವತ್ತು ಮೊದಲು ಸ್ಟ್ಯಾಂಡನ್ನು ತಲೆಯ ಹಿಂದಕ್ಕೆ ತಳ್ಳಿದೆ, ಪರದೆಯನ್ನು ಸುತ್ತಿ ಗಂಟು ಹಾಕಿದೆ. "ಇದು ಮಡಿಕೇರಿ ಆಸ್ಪತ್ರೆ ಅಜ್ಜ. ನಾನು ಸಿಸ್ಟರ್. ಇಲ್ಲಿಗೆ ಆನೆ ಬರಲ್ಲ" ಅಂದೆ, ಒಂದೇ ಸಲ. ವಾದಕ್ಕೆ ಹೋಗಲಿಲ್ಲ. ಅವರು ಎರಡೂ ಕೈ ಹಾಸಿಗೆಗೆ ಊರಿ ಏಳಲು ನೋಡುತ್ತಿದ್ದರು, ನನಗೆ ಅದೇ ದೊಡ್ಡ ಭಯ. ಕೊಯ್ದು ತಂತಿಯಲ್ಲಿ ಬಿಗಿದ ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ದಿಂಬನ್ನು ಎದೆಗೆ ಅಪ್ಪಿಸಿ ಕೂರಿಸಿದೆ. ಕೈಗೂ ಒಂದು ಕೆಲಸ ಸಿಕ್ಕಿತು.

ಆಮೇಲೆ ಹುಡುಕಾಟ. ಆಕ್ಸಿಜನ್ ಮಾಸ್ಕ್ ಹಣೆಗೆ ಏರಿತ್ತು, ಮಾನಿಟರಿನಲ್ಲಿ ಆಕ್ಸಿಜನ್ 86ಕ್ಕೆ ಇಳಿದಿತ್ತು. ಶುಗರ್ ಪರವಾಗಿಲ್ಲ. ಕಿಬ್ಬೊಟ್ಟೆ ಮುಟ್ಟಿದರೆ ಕಲ್ಲು. ಮೂತ್ರದ ಟ್ಯೂಬು ತೊಡೆಯ ಅಡಿ ಮಡಚಿಕೊಂಡಿತ್ತು! ನೇರ ಮಾಡಿದ ಕೂಡಲೇ ಬ್ಯಾಗಿಗೆ ಮುಕ್ಕಾಲು ಲೀಟರ್ ಇಳಿಯಿತು. ಅಜ್ಜ ಉಸ್ಸಪ್ಪಾ ಅಂದರು. ಆನೆ ಅರ್ಧ ದೂರ ಹೋಗಿರಬೇಕು.

ಐಸಿಯುನಲ್ಲಿ ಡಿಲೀರಿಯಂ ಪತ್ತೆಗೆ ಕ್ಯಾಮ್-ಐಸಿಯು ಅಂತ ಒಂದು ಪರೀಕ್ಷೆ ಇದೆ, 2001ರಿಂದ ಬಳಕೆಯಲ್ಲಿದೆ. ಇಂಗ್ಲಿಷ್ ಅಕ್ಷರ ಓದುತ್ತೇವೆ, 'ಎ' ಬಂದಾಗ ರೋಗಿ ನಮ್ಮ ಕೈ ಒತ್ತಬೇಕು. ನಮ್ಮ ಅಜ್ಜಂದಿರಿಗೆ ಇದು ಹೊಂದಲ್ಲ. ಹಾಗಾಗಿ ನಾನು ವಾರದ ದಿನ ಹಿಂದಿನಿಂದ ಹೇಳಿಸುತ್ತೇನೆ. ಅಜ್ಜ ಶನಿ, ಶುಕ್ರ ಅಂದು ಸೋಮವಾರಕ್ಕೆ ಹಾರಿದರು. "ಕಲ್ಲು ನೀರಲ್ಲಿ ತೇಲುತ್ತದಾ?" ಅದೂ ಆ ಪರೀಕ್ಷೆಯದೇ ಪ್ರಶ್ನೆ. "ತೇಲ್ತದೆ, ಹಾರಂಗಿಯಲ್ಲಿ ನೋಡಿದ್ದೇನೆ" ಅಂದರು, ಬಹಳ ಗಂಭೀರವಾಗಿ.

ಮಗನನ್ನು ಹೊರಗೆ ಕರೆದು ಕುಡಿಯುವ ವಿಷಯ ಕೇಳಿದೆ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಯಾವಾಗಲೂ 'ಸ್ವಲ್ಪ'. ಸ್ವಲ್ಪ ಅಂದರೆ ಎಷ್ಟು ಗ್ಲಾಸು, ಕೊನೆಗೆ ಯಾವತ್ತು? ಸಂಕೋಚ ಬಿಟ್ಟು ಕೇಳಲೇಬೇಕು. ದಿನಾ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಎರಡರಿಂದ ನಾಲ್ಕು ದಿನದಲ್ಲಿ ಸನ್ನಿ ಬರಬಹುದು. ಆಗ ಲೊರಾಜೆಪಾಂ ಜಾತಿಯ, ನಿದ್ದೆ ಬರಿಸುವ ಮದ್ದು ಬೇಕೇ ಬೇಕು. ಬೇರೆ ಕಾರಣದ ಸನ್ನಿಗೆ ಅದೇ ಮದ್ದು ತೊಂದರೆ ಜಾಸ್ತಿ ಮಾಡುತ್ತದೆ. ಅಜ್ಜ ಬಿಟ್ಟು ಮೂರು ತಿಂಗಳಾಗಿತ್ತು. ಸರಿ, ಅದಲ್ಲ.

"ಒಂದು ಇಂಜೆಕ್ಷನ್ ಹಾಕಿಬಿಡಿ ಸಿಸ್ಟರ್" ಅಂದ ಮಗ. ಕೂಗಾಡುವವರನ್ನು ಶಾಂತ ಮಾಡಲು ಹಾಕುವ ಹ್ಯಾಲೊಪೆರಿಡಾಲ್ ಸನ್ನಿಯ ದಿನಗಳನ್ನು ಕಡಿಮೆ ಮಾಡಲ್ಲ ಅಂತ 2018ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದೆ. ತನಗೆ ತಾನೇ ಅಪಾಯ ಮಾಡಿಕೊಳ್ಳುವ ಹಾಗಿದ್ದರೆ ಇಸಿಜಿ ನೋಡಿ ಸ್ವಲ್ಪ ಕೊಡಬಹುದು ಅಂದರು ನಮ್ಮ ಡಾಕ್ಟರ್. ಬೇಕಾಗಲಿಲ್ಲ. ಅದರ ಬದಲು ಮಗನಿಗೆ, ಮನೆಯಲ್ಲಿ ಬಿಟ್ಟುಬಂದ ಕಿವಿಯ ಮೆಷಿನ್ ಮತ್ತು ಕನ್ನಡಕ ತನ್ನಿ ಅಂದೆ. ಮೆಷಿನ್ ಬಂತು, ಬ್ಯಾಟರಿ ಸತ್ತಿತ್ತು. ಪೇಟೆಯಲ್ಲಿ ಹುಡುಕಿ ಹಾಕುವಷ್ಟರಲ್ಲಿ ಮಧ್ಯಾಹ್ನ.

ಮೂರನೇ ರಾತ್ರಿ ಡಾಕ್ಟರ್ ಒಪ್ಪಿಗೆ ಪಡೆದು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿದೆವು. ಅಜ್ಜಿ ಕಾಳುಮೆಣಸಿನ ಬಳ್ಳಿ, ಸೋರುವ ಕೊಟ್ಟಿಗೆ, ಕರು ಹಾಕಿದ ಹಸು ಅಂತ ಮೆಲ್ಲಗೆ ಹೇಳುತ್ತಾ ಹೋದರು. ದೀಪ ಕಡಿಮೆ ಮಾಡಿ, ಅಲಾರಂ ಸದ್ದು ತಗ್ಗಿಸಿ, ರಾತ್ರಿ ಹೊತ್ತು ಬಿಪಿ ನೋಡುವುದನ್ನೂ ಡಾಕ್ಟರ್ ಕೇಳಿ ಕಮ್ಮಿ ಮಾಡಿದೆ. ನಾಲ್ಕು ಗಂಟೆ ಒಂದೇ ನಿದ್ದೆ. ಐದನೇ ದಿನಕ್ಕೆ ವಾರದ ದಿನಗಳು ಸರಿಯಾಗಿ ಬಂದವು. ಆನೆ ನೆನಪಿತ್ತು, ನಾಚಿಕೆಯಿಂದ ನನ್ನ ಮುಖ ನೋಡುತ್ತಿರಲಿಲ್ಲ.

ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ, ಅಲ್ವಾ? ಹಳೆಯ ಕೆಲಸದಲ್ಲಿ ಒಬ್ಬ ಅಮ್ಮ ಇದ್ದರು. ವಾಲ್ವ್ ಆಪರೇಷನ್ ಆಗಿತ್ತು. ತಕರಾರಿಲ್ಲ, ಇಡೀ ದಿನ ಸುಮ್ನೆ ಚಾವಣಿ ನೋಡುತ್ತಿದ್ದರು. 'ಒಳ್ಳೆ ಪೇಷೆಂಟ್' ಅಂತ ಎರಡು ದಿನ ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಟ್ಟೆ. ಅದೂ ಸನ್ನಿಯೇ, ಸದ್ದಿಲ್ಲದ್ದು. ಮಗಳು ಬಂದು "ಅಮ್ಮ ನನ್ನ ಹೆಸರು ಹೇಳ್ತಿಲ್ಲ" ಅಂದ ಮೇಲೆ ಗೊತ್ತಾಯಿತು.

ಈಗ ಡ್ಯೂಟಿಗೆ ಬಂದವಳು ಮೊದಲು ಸುಮ್ಮನೆ ಮಲಗಿದವರ ಹತ್ತಿರ ಹೋಗಿ ಶನಿವಾರದಿಂದ ಹಿಂದಕ್ಕೆ ಹೇಳಿಸುತ್ತೇನೆ. "ನಿಂಗೇನು ಬೇರೆ ಕೆಲಸ ಇಲ್ವಾ?" ಅಂತ ಕೆಲವರು ಬೈಯುತ್ತಾರೆ. ಎಚ್ಚರವಾಗಿದ್ದಾರೆ ಅಂತ ಚಾರ್ಟಿನಲ್ಲಿ ಬರೆದು ಮುಂದಿನ ಬೆಡ್ಡಿಗೆ ಹೋಗುತ್ತೇನೆ.